ಗೊಂಬೆಯ ಕೊರಳಿನ ಗಂಟು

ಆಷಾಢದ ಮಂಗಳವಾರ ಹಳಿಯಾಳದ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಮಾಡಿ ಗೆದ್ದವರನ್ನು ನಾನಂತೂ ಕಂಡಿಲ್ಲ. ಅದು ಗುಳ್ಳವ್ವನ ವಾರ. ಹುಡುಗಿಯರು ಬೆಳಿಗ್ಗೆ ಎದ್ದವರೇ ಹುತ್ತದ ಮಣ್ಣು ತಂದು ನಾದಿ, ಗುಳ್ಳವ್ವನನ್ನು ತಿದ್ದಿ, ಮೈತುಂಬ ಗುಲಗಂಜಿ ಚುಚ್ಚಿ, ಸಂಜೆ ಆರತಿ ಹಿಡಿದು ಹಾಡುತ್ತ ತಿರುಗಬೇಕು. ಉಗುರಿನಲ್ಲಿ ಮಣ್ಣು, ತಲೆಯಲ್ಲಿ ಹಾಡು ತುಂಬಿಕೊಂಡು ಬಂದವರ ಮುಂದೆ ನಾನು ಭಾಗಾಕಾರ ಹಿಡಿದು ನಿಂತರೆ ಯಾರಿಗೆ ಬೇಕು? ಎರಡು ವರ್ಷ ಕೂಗಾಡಿ ಗಂಟಲು ಹರಿದುಕೊಂಡೆ. ಮೂರನೆಯ ವರ್ಷ ಮಣ್ಣನ್ನು ಶಾಲೆಗೇ ತನ್ನಿ ಎಂದೆ.

ಅದಕ್ಕೆ ಇನ್ನೊಂದು ಕಾರಣವೂ ಇತ್ತು. ಭಾದ್ರಪದದಲ್ಲಿ ಶಾಲೆಯ ಬಹುಮಾನದ ಸಮಾರಂಭ. ತಪಾಸಣೆಯ ಸಾಹೇಬರು ಬರುತ್ತಿದ್ದರು. ಪ್ರತಿ ವರ್ಷ ಒಂದು ಸ್ವಾಗತದ ಪದ, ಒಂದು ಕೋಲಾಟ. ಸಾಹೇಬರು ತಲೆದೂಗುವುದು, ನಾವು ಪೇಢೆ ಹಂಚುವುದು. ನನಗೆ ಬೇಸರ ಬಂದಿತ್ತು. ಶ್ರಾವಣ ಕಳೆಯುವಷ್ಟರಲ್ಲಿ ನನ್ನ ಐದನೆಯ ಇಯತ್ತೆಯ ವರ್ಗದಲ್ಲಿ ಜಾಗಗಳು ಖಾಲಿಯಾಗುತ್ತಿದ್ದವು. "ಎಲ್ಲಿ ಅಕಿ?" ಎಂದು ಕೇಳಿದರೆ "ಲಗ್ನ ಆತ್ರಿ ಅಕ್ಕಾರ" ಎಂದು ಉಳಿದವರು ಒಂದೇ ಉಸಿರಿಗೆ ಹೇಳುತ್ತಿದ್ದರು, ಜ್ವರ ಬಂದಿದೆ ಎಂದಂತೆ. ಹದಿನಾಲ್ಕು ತುಂಬದ ಹುಡುಗಿಯ ಲಗ್ನ ಮಾಡಬಾರದೆಂದು ಸರಕಾರ ಕಾಯಿದೆ ಮಾಡಿ ಕೆಲವು ವರ್ಷಗಳಾಗಿದ್ದವು. ಮಾಮಲೇದಾರ ಕಚೇರಿಯ ಗೋಡೆಗೆ ಅದರ ಕಾಗದ ಅಂಟಿಸಿದ್ದರು. ಅದರ ಕೆಳಗಿನ ಕಟ್ಟೆಯ ಮೇಲೆಯೇ ಕೂತು ಹಿರಿಯರು ಲಗ್ನದ ಮಾತು ಮುಗಿಸುತ್ತಿದ್ದರು.

ಗಂಡ ತೀರಿಕೊಂಡು ನನ್ನ ಕೊರಳು ಬರಿದಾದಾಗ ನನಗೂ ಹದಿನಾಲ್ಕು ತುಂಬಿರಲಿಲ್ಲ. ಅಣ್ಣ ಹಟ ಹಿಡಿದು ಧಾರವಾಡದ ಟ್ರೇನಿಂಗ್ ಶಾಲೆಗೆ ಹಾಕಿದ. ಇಲ್ಲದಿದ್ದರೆ ಯಾರದೋ ಅಡಿಗೆಮನೆಯ ಮೂಲೆಯಲ್ಲಿ ಇರುತ್ತಿದ್ದೆ. ಇದನ್ನು ಹೇಳುವುದು ಕನಿಕರ ಬೇಡುವುದಕ್ಕಲ್ಲ, ಮುಂದೆ ನಡೆದದ್ದು ಅರ್ಥವಾಗಲಿ ಎಂದು.

ಹುಡುಗಿಯರೆಲ್ಲ ಬಲ್ಲ ಆಟವೆಂದರೆ ಗೊಂಬೆ ಮದುವೆ. ಅದನ್ನೇ ತೆಗೆದುಕೊಂಡೆ. ಗೊಂಬೆ ಮದುವೆ ಯಾವಾಗಲೂ ಅಕ್ಕಿಕಾಳು ಬಿದ್ದು, ಬೆಲ್ಲ-ಪುಠಾಣಿಯ ಊಟವಾದರೆ ಮುಗಿಯಿತು. ನಾನು ಮಾಡಿದ್ದು ಇಷ್ಟೇ. ಅವರು ಮುಗಿಯಿತು ಎಂದಾಗ "ಮುಂದ?" ಎಂದು ಕೇಳಿದೆ.

"ಮುಂದ ಏನ್ರಿ? ಮನಿಗೆ ಹೋಗೂದು."

"ನೀವು ಹೋದ್ರಿ. ಮದುಮಗಳು ಎಲ್ಲಿಗೆ ಹೋದಳು? ಮರುದಿನ ಮುಂಜಾನೆ ಏನು ಮಾಡಿದಳು?"

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಒಬ್ಬಳು "ಬೀಸ್ತಾಳ್ರಿ" ಎಂದಳು. ಇನ್ನೊಬ್ಬಳು "ಅತ್ತಿ ಎಬ್ಬಸ್ತಾಳ್ರಿ, ಮೊದಲ" ಎಂದು ತಿದ್ದಿದಳು. ಅಲ್ಲಿಂದ ಬಾಯಿ ಬಿಚ್ಚಿದವರನ್ನು ನಿಲ್ಲಿಸುವುದೇ ಕಷ್ಟವಾಯಿತು.

ಗೊಂಬೆಗಳನ್ನು ಮಾಡುವುದು ಮಾತ್ರ ಅಷ್ಟು ಸುಲಭವಿರಲಿಲ್ಲ. ಮೊದಲ ಮಂಗಳವಾರ ಮಾಡಿದವು ಆಷಾಢದ ಥಂಡಿಗೆ ಒಣಗಲೇ ಇಲ್ಲ. ಮರುದಿನ ನೋಡಿದರೆ ಅತ್ತೆಯ ತಲೆ ಎದೆಯೊಳಗೆ ಇಳಿದಿತ್ತು, ಮಾವ ನಡುವಿನಲ್ಲಿ ಕುಸಿದು ನಮಸ್ಕಾರ ಹಾಕುತ್ತಿದ್ದ. ಎರಡನೆಯ ವಾರ ಮೈಗೆ ಬಿದಿರಿನ ಸೀಳು, ಅದಕ್ಕೆ ಹಳೆಯ ಅರಿವೆ ಸುತ್ತಿ, ತಲೆಯನ್ನಷ್ಟೇ ಮಣ್ಣಿನಿಂದ ಮಾಡಿದೆವು. ಮಣ್ಣು ಸೀಳಬಾರದೆಂದು ಹಿಂಜಿದ ಅರಳೆಯನ್ನೂ ಭತ್ತದ ಹೊಟ್ಟನ್ನೂ ಕೂಡಿಸಿ ನಾದಿದೆವು. ಒಬ್ಬೊಬ್ಬಳು ಒಂದೊಂದು ತಲೆಯನ್ನು ಮನೆಗೆ ಒಯ್ದು ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಇಟ್ಟಳು. ಮೂರನೆಯ ವಾರ ಗಟ್ಟಿಯಾಗಿ, ಸ್ವಲ್ಪ ಕರ್ರಗಾಗಿ ಮರಳಿ ಬಂದವು. ಹೊಲಿಗೆಯ ತಾಸಿನಲ್ಲಿ ಅವಕ್ಕೆ ಕುಪ್ಪಸ ಹೊಲಿದೆವು. ಎರಡು ಬೆಂಚುಗಳ ನಡುವೆ ಧೋತರ ಕಟ್ಟಿ, ಅದರ ಹಿಂದೆ ಹುಡುಗಿಯರು ಕೂತು, ಗೊಂಬೆಗಳನ್ನು ಮೇಲೆತ್ತಿ ಆಡಿಸುವುದೆಂದು ಗೊತ್ತುಮಾಡಿದೆವು. ಮುಖ ಕಾಣದಿದ್ದರೆ ನಾಚಿಕೆಯ ಹುಡುಗಿಯೂ ಮಾತಾಡುತ್ತಾಳೆ ಎಂಬುದನ್ನು ಆ ಧೋತರ ನನಗೆ ಕಲಿಸಿತು.

ಹೊಟ್ಟು ತಂದು ಕೊಟ್ಟವಳು ಅಕ್ಕಿ ವ್ಯಾಪಾರಸ್ಥರ ಮಗಳು. ಹನ್ನೆರಡು ಆಗಿತ್ತೋ ಇಲ್ಲವೋ. ಲೆಕ್ಕದಲ್ಲಿ ಚುರುಕು, ಪದ ಕಟ್ಟುವುದರಲ್ಲಿ ಇನ್ನೂ ಚುರುಕು. ಅವಳ ಅಜ್ಜಿ ಬೀಸುವಾಗ ಜೊತೆಗೆ ಕೂತು ಕಲಿತದ್ದು. ಮದುಮಗಳ ಗೊಂಬೆಯನ್ನು ಅವಳೇ ಮಾಡಿದ್ದಳು, ಅದರ ದನಿಯೂ ಅವಳದೇ. ಮರುದಿನದ ಮುಂಜಾವಿಗೆ ಒಂದು ಬೀಸುವ ಪದ ಬೇಕು ಎಂದಾಗ ಮಧ್ಯಾಹ್ನದ ಬಿಡುವಿನಲ್ಲಿ ಒಬ್ಬಳೇ ಕೂತು ಕಟ್ಟಿಕೊಂಡು ಬಂದು, ನೆಲ ನೋಡುತ್ತ ಹಾಡಿದಳು:

ಅಕ್ಕಿ ಹಸನ ಮಾಡಿ ಮೊರ ಇಟ್ಟೆ ಮೂಲ್ಯಾಗ
ನನ್ನ ಹಸನ ಮಾಡಿ ಕಳಸ್ತಾರ | ಹಡೆದವ್ವ
ಕಲ್ಲೊಂದು ಉಳದೈತೇನ ನನ್ನೊಳಗ?

ನಾನು ಗೋಡೆಯ ಕಡೆ ತಿರುಗಿ ಹಲಗೆ ಒರೆಸಿದೆ. ಹಲಗೆಯ ಮೇಲೆ ಏನೂ ಬರೆದಿರಲಿಲ್ಲ.

ಅದೇ ವಾರ ಮದುಮಗನ ಗೊಂಬೆಗೆ ಮೀಸೆ ಅಂಟಿಸುವ ಕೆಲಸ ನಡೆದಿತ್ತು. ಆಡಿನ ಕೂದಲು ತಂದಿದ್ದರು. ಒಬ್ಬಳು ತುಂಟಿ ಅದರ ಮೇಲೆ ಬಿಳಿ ಅರಳೆ ಮೆತ್ತಿದಳು. ಇಡೀ ವರ್ಗ ಬಿದ್ದು ಬಿದ್ದು ನಕ್ಕಿತು. ನಾನು ಗದರಿದೆ.

"ಮದುಮಗನಿಗೆ ಬಿಳಿ ಮೀಸಿ ಯಾಕ?"

"ಇಕಿ ಗಂಡ ಆಗಾವನ ಮೀಸಿ ಹಂಗ ಅದಾವ್ರಿ ಅಕ್ಕಾರ," ಎಂದಳು ಅವಳು, ಪದ ಕಟ್ಟಿದವಳ ಕಡೆ ಬೊಟ್ಟು ಮಾಡಿ. "ಕ್ಯಾಸಲ್‌ರಾಕಿನವ. ಮೊದಲನೇ ಹೇಂತಿ ತೀರಿಕೊಂಡಾಳಂತ. ಮಾತುಕತಿ ಆಗೇತ್ರಿ."

ಇಡೀ ವರ್ಗಕ್ಕೆ ಗೊತ್ತಿದ್ದದ್ದು ನನಗೊಬ್ಬಳಿಗೆ ಗೊತ್ತಿರಲಿಲ್ಲ. ಊರಿನ ಸಂಗತಿಯನ್ನು ಆಟದಲ್ಲಿ ತರುತ್ತಿದ್ದೇನೆ ಎಂದು ನಾನು ಬೀಗುತ್ತಿದ್ದೆ. ಆ ಮಗು ತನ್ನ ಕತೆಯನ್ನು ತಾನೇ ಎತ್ತಿ ಹಿಡಿದು ಆಡಿಸುತ್ತಿತ್ತು. ಅವಳು ತಲೆ ಎತ್ತಲಿಲ್ಲ. ಗೊಂಬೆಯ ಸೆರಗನ್ನು ಮಡಚುವುದು, ಬಿಚ್ಚುವುದು, ಮತ್ತೆ ಮಡಚುವುದು ಮಾಡುತ್ತಿದ್ದಳು. ನನಗೆ ಯಾರ ಮೇಲೆ ಸಿಟ್ಟಾಗಬೇಕೋ ತಿಳಿಯಲಿಲ್ಲ.

ಶಾಲೆಯ ಮುಖ್ಯಸ್ಥೆ ಹೆಡ್‌ಬಾಯಿಯವರಿಗೆ ಹೇಳಿದೆ. ಅವರು ಕೆಟ್ಟವರಲ್ಲ, ಹೆದರಿಕೆಯವರು.

"ತಂಗಿ, ಆ ಆಟ ಬಿಟ್ಟುಬಿಡು. ಸುಗ್ಗಿ ಕುಣಿತ ಮಾಡಸೂಣು. ನಿನ್ನ ನೌಕರಿ ಉಳೀಲಿ ಅಂತ ಹೇಳಾಕತ್ತೇನಿ."

ಬಿಡುವುದೋ ಹಿಡಿಯುವುದೋ ಎಂದು ಒಂದು ರವಿವಾರ ಪೂರ್ತಿ ಒದ್ದಾಡಿದೆ. ಬಿಟ್ಟರೆ ಹುಡುಗಿಯ ಬಾಯಿಗೆ ನಾನೇ ಬೀಗ ಹಾಕಿದಂತಾಗುತ್ತಿತ್ತು. ಆದರೆ ಭಾದ್ರಪದದವರೆಗೆ ಕಾದು ಸಾಹೇಬರ ಮುಂದೆ ಆಡಿದರೆ ಲಾಭವೇನು? ಅಷ್ಟರಲ್ಲಿ ಶ್ರಾವಣ ಕಳೆದು, ಅಕ್ಕಿಕಾಳು ಬಿದ್ದು ಹೋಗಿರುತ್ತಿತ್ತು. ನೋಡಬೇಕಾದವರು ಸಾಹೇಬರಲ್ಲ, ತಾಯಂದಿರು. ಶ್ರಾವಣದ ಮೊದಲ ಶುಕ್ರವಾರ ಶಾಲೆಯಲ್ಲೇ ಅರಿಷಿಣ-ಕುಂಕುಮ ಇಟ್ಟು ಅವರನ್ನು ಕರೆಯೋಣ, ಅವರ ಮುಂದೆ ಆಡಿಸೋಣ ಎಂದು ನಿರ್ಧರಿಸಿದೆ. ಕುಂಕುಮ ಕೊಡುವುದು ಹೆಡ್‌ಬಾಯಿಯವರು. ನಾನು ಹಿಂದೆ, ಧೋತರದ ಆಚೆ. ಹೀಗೆಂದ ಮೇಲೆ ಅವರು ನಿಟ್ಟುಸಿರು ಬಿಟ್ಟು ಒಪ್ಪಿದರು.

ತಾಯಂದಿರು ಬಂದರು. ಮಳೆ ನಿಂತು ಹೊಳವಾಗಿತ್ತು. ಜಮಖಾನೆಯ ಮೇಲೆ ಇಳಕಲ್ ಸೀರೆಗಳು ಸರಭರ ಎನ್ನುತ್ತ ತುಂಬಿಕೊಂಡವು. ಅಕ್ಕಿ ವ್ಯಾಪಾರಸ್ಥರ ಹೆಂಡತಿ ಮುಂದಿನ ಸಾಲಿನಲ್ಲೇ ಕೂತಿದ್ದರು. ಧೋತರದ ಸಂದಿಯಿಂದ ನಾನು ಆ ಒಂದು ಮುಖವನ್ನೇ ನೋಡುತ್ತಿದ್ದೆ.

ಆಟ ಶುರುವಾಯಿತು. ಬಿಳಿ ಮೀಸೆಯ ಮದುಮಗ ಮೇಲೆದ್ದಾಗ ಹೆಂಗಸರು ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕರು. ಅತ್ತೆ ಬೈದಾಗ "ಅಯ್ಯ, ಬರೋಬರ ನಮ್ಮತ್ತಿ!" ಎಂದು ಯಾರೋ ಕೂಗಿದರು. ಆಮೇಲೆ ಮುಂಜಾವು, ಬೀಸುವ ಕಲ್ಲು. ಹುಡುಗಿ ಹಾಡಿದಳು. ಮೂರನೆಯ ಸಾಲಿಗೆ ಬಂದಾಗ ನಗು ನಿಂತಿತ್ತು. ಅವಳ ತಾಯಿ ಸೆರಗಿನಿಂದ ಮೂಗು ಒರೆಸಿಕೊಂಡರು. ಒರೆಸಿಕೊಂಡು ಪಕ್ಕದವರಿಗೆ ಏನೋ ಹೇಳಿದರು. ಪಕ್ಕದವರು ಹೌದು ಎಂಬಂತೆ ತಲೆ ಅಲ್ಲಾಡಿಸಿದರು. ಗೆದ್ದೆ ಅಂದುಕೊಂಡೆ. ಅಂದುಕೊಂಡದ್ದು ನಿಜ, ಯಾಕೆ ಮುಚ್ಚಿಡಲಿ.

ಅಷ್ಟರಲ್ಲಿ ಮದುಮಗಳ ಕೊರಳಿನ ಅರಿಷಿಣದ ದಾರ ಸಡಿಲವಾಗಿ ಜಾರಿತು. ಗೊಂಬೆ ಮೇಲೆ, ಹುಡುಗಿಯ ಎರಡೂ ಕೈ ಬಿದಿರಿನ ಸೀಳಿನ ಮೇಲೆ. "ಅಕ್ಕಾರ, ದಾರಾ, ದಾರಾ" ಎಂದು ಪಿಸುಗುಟ್ಟಿದಳು. ನಾನು ವಿಚಾರ ಮಾಡಲಿಲ್ಲ. ಬೀಳುವ ವಸ್ತುವನ್ನು ಕೈ ತಾನಾಗಿ ಹಿಡಿಯುತ್ತದೆ. ಧೋತರದ ಮೇಲಿಂದ ಎರಡೂ ಕೈ ಚಾಚಿ, ದಾರವನ್ನು ಎಳೆದು, ಹೊಲಿಗೆಯ ತಾಸಿನಲ್ಲಿ ಕಲಿಸುವ ಬಿಗಿಗಂಟು ಹಾಕಿದೆ.

ಜಮಖಾನೆಯ ಮೇಲೆ ಮುಂದಿನ ಸಾಲು ಹಿಂದಕ್ಕೆ ಸರಿಯಿತು.

"ಅಯ್ಯ ಶಿವನ," ಎಂದಳು ಒಬ್ಬ ಮುದುಕಿ. "ಅಕ್ಕಾರ ಕೈಲೆ ತಾಳಿ ಕಟ್ಟಿಸಿದ್ರೇನ?"

ಆಗ ನನ್ನ ಕೈ ನನಗೆ ಕಂಡಿತು. ಬಳೆ ಇಲ್ಲದ ಎರಡು ಕೈಗಳು ಧೋತರದ ಮೇಲೆ, ಎಲ್ಲರ ಕಣ್ಣೆದುರು, ಮದುಮಗಳ ಕೊರಳ ಹತ್ತಿರ. ನೋಡಿದವರಿಗೆ ಅದು ಮಣ್ಣಿನ ಗೊಂಬೆಯಾಗಿ ಉಳಿದಿರಲಿಲ್ಲ. ಆಟ ಅಷ್ಟು ಚೆನ್ನಾಗಿ ಆಗಿತ್ತು. ಅದು ಆ ಹುಡುಗಿಯೇ ಎಂದು ಎಲ್ಲರೂ ನಂಬಿ ಕೂತಿದ್ದರು. ನಾನು ಬಯಸಿದ್ದು ಅದನ್ನೇ.

ತಾಯಿ ಎದ್ದು ಬಂದು, ಧೋತರ ಸರಿಸಿ, ಮಗಳ ರಟ್ಟೆ ಹಿಡಿದು ಎಬ್ಬಿಸಿದರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ತಿರುಗಿ ಎರಡು ಮಾತು ಆಡಿ ಹಗುರಾಗುತ್ತಿದ್ದೆ. "ಇದ್ದದ್ದೊಂದು ಮಗಳ್ರಿ ಅಕ್ಕಾರ," ಎಂದಷ್ಟೇ ಹೇಳಿ ಹೊರಟುಹೋದರು. ಉಳಿದವರೂ ಒಬ್ಬೊಬ್ಬರೇ ಎದ್ದರು. ಕುಂಕುಮದ ಬಟ್ಟಲು ಹಿಡಿದುಕೊಂಡು ಹೆಡ್‌ಬಾಯಿಯವರು ಬಾಗಿಲಲ್ಲೇ ನಿಂತಿದ್ದರು.

ನನ್ನ ಕೈಯ ಪರವಾಗಿ ನಾನು ಯಾರ ಕ್ಷಮೆಯನ್ನೂ ಬೇಡಿದವಳಲ್ಲ, ಈಗಲೂ ಬೇಡುವುದಿಲ್ಲ. ಆದರೆ ಊರಿನ ಲೆಕ್ಕವೇ ಬೇರೆ ಇತ್ತು. ಅಪಶಕುನವಾಗಿದೆ; ಅದು ಫಲ ಕೊಡುವ ಮೊದಲೇ ಲಗ್ನ ಮುಗಿಸಿ, ಕ್ಯಾಸಲ್‌ರಾಕಿನವರಿಗೆ ಸುದ್ದಿ ಮುಟ್ಟುವ ಮೊದಲೇ ಹುಡುಗಿಯನ್ನು ಕಳಿಸಿಬಿಡಬೇಕು. ಮಾರ್ಗಶಿರಕ್ಕೆ ಇಟ್ಟುಕೊಂಡಿದ್ದ ಲಗ್ನವಂತೆ ಅದು! ಆಮೇಲೆ ತಿಳಿಯಿತು. ನನ್ನ ಆಟ ಅದನ್ನು ಶ್ರಾವಣಕ್ಕೇ ಎಳೆದು ತಂದಿತು.

ಹುಡುಗಿಯ ತಂದೆಯ ಅಂಗಡಿಗೆ ಹೋದೆ. ಅವರು ಗಲ್ಲಾಪೆಟ್ಟಿಗೆಯ ಬಳಿಯಿಂದ ಎದ್ದು, ಚೀಲದ ಮೇಲೆ ಬಿಳಿ ಅರಿವೆ ಹಾಸಿ ನನ್ನನ್ನು ಕೂಡಿಸಿದರು.

"ಇನ್ನೆರಡು ವರ್ಷ ತಡೀರಿ. ಹುಡುಗಿ ಏಳನೇ ಇಯತ್ತೆ ಮುಗಿಸಿ ಮುಲ್ಕಿ ಪರೀಕ್ಷೆಗೆ ಕೂಡ್ತಾಳ. ನಾ ಕೂಡಸ್ತೇನಿ."

"ಅಕ್ಕಾರ, ನಿಮ್ಮ ಉಪಕಾರ ನಾ ಮರಿಯಂಗಿಲ್ಲ. ಓದು, ಲೆಕ್ಕಾ ಎಲ್ಲಾ ಬರ್ತೈತಿ ಅಂದಿದ್ದಕ್ಕ ಅವರು ಒಪ್ಪ್ಯಾರ. ಅವರದು ಕಟಗಿ ಧಂದೆ, ಮನ್ಯಾಗ ಲೆಕ್ಕಾ ನೋಡೋರು ಬೇಕು."

ನಾನು ಕಲಿಸಿದ ಭಾಗಾಕಾರ ಎಲ್ಲಿಗೆ ಹೋಗಿ ಮುಟ್ಟಿತು ನೋಡಿ.

"ಕಾಯಿದೆ ಐತಲ್ಲರಿ?" ಎಂದೆ.

"ಐತ್ರಿ. ಕ್ಯಾಸಲ್‌ರಾಕ್ ತನಕ ಐತಿ." ಅವರ ದನಿಯಲ್ಲಿ ಜಂಬವಿರಲಿಲ್ಲ, ಒಂದು ದಣಿವಿತ್ತು. "ರೈಲಿನ ಬೊಗದಾ ದಾಟಿದ್ರ ಫಿರಂಗೇರ ಸರಕಾರ, ಈ ಕಾಯಿದೆ ನಡಿಯಂಗಿಲ್ಲ. ಅಲ್ಲಿ ಅವರ ಬಳಗದ ಮನಿ ಐತಿ. ಎಲ್ಲಾರೂ ಹಂಗ ಮಾಡಾಕತ್ತಾರ. ನಾನಾದ್ರೂ ತಡೀತಿದ್ದೆ ಅಕ್ಕಾರ. ಮನ್ಯಾಗಿನ ಹೆಣ್ಣಮಕ್ಕಳ ಮುಂದ ನಂದು ನಡೀವಲ್ತು. ಅವತ್ತಿನಿಂದ ಅಕಿ ತಾಯಿ ಊಟಾ ಬಿಟ್ಟಾಳ."

ಕಚೇರಿಗೂ ಹೋದೆ. ಕಾಗದ ಅಂಟಿಸಿದ ಗೋಡೆಯ ಪಕ್ಕದ ಕಿಟಕಿಯಲ್ಲಿ ಕಾರಕೂನರು ನನ್ನ ಮಾತು ಪೂರ್ತಿ ಕೇಳಿದರು.

"ಲಗ್ನ ಆಗೇತೇನ್ರಿ?"

"ಇಲ್ಲ. ಆಗಬಾರದು ಅಂತನ ಬಂದೇನಿ."

"ಆಗದ ಮೊದಲ ಅಪರಾಧ ಎಲ್ಲೈತ್ರಿ? ಆದ ಮ್ಯಾಲ ಬರ್ರಿ." ಸ್ವಲ್ಪ ತಡೆದು, ಪಾಪ, ಅವರೇ ಮುಂದುವರಿಸಿದರು. "ಆದ ಮ್ಯಾಲ ಬಂದ್ರೂ ಏನ ಆಗೂದಿಲ್ಲ. ಅದು ನಮ್ಮ ಹದ್ದಿನಾಗ ಆಗಿರಂಗಿಲ್ಲ."

ಮೊದಲು ಹೋದರೆ ಬೇಗ, ಆಮೇಲೆ ಹೋದರೆ ದೂರ. ಹೊರಗೆ ಬಂದು ಕಟ್ಟೆಯ ಮೇಲೆ ಕೂತೆ. ಸರಕಾರದ ಶಾಲೆಯಲ್ಲಿ ಕಲಿಸುವವಳು, ಸರಕಾರದ ಕಾಯಿದೆಯ ಕೆಳಗೆ ಕೂತು, ಏನೂ ಮಾಡಲಾರದೆ ಬಿಕ್ಕಿ ಬಿಕ್ಕಿ ಅತ್ತೆ. ಹೋಗಿ ಬರುವವರು ನೋಡಿದರು. ನೋಡಲಿ ಎಂದು ಬಿಟ್ಟೆ.

ಅವರು ಹೊರಟ ದಿನ ಮೋಟಾರು ಸ್ಟ್ಯಾಂಡಿಗೆ ಹೋದೆ. ಅಳ್ನಾವರಕ್ಕೆ ಹೋಗುವ ಸರ್ವಿಸ್ ಮೋಟಾರು, ಅಲ್ಲಿಂದ ರೈಲು. ಬುಟ್ಟಿಗಳ ಮೇಲೆ ಅರಿವೆ ಮುಚ್ಚಿತ್ತು. ದೇವರಿಗೆ ಹೋಗುತ್ತೇವೆಂದು ಕೇಳಿದವರಿಗೆಲ್ಲ ಹೇಳುತ್ತಿದ್ದರು. ಹುಡುಗಿ ತಾಯಿಗೂ ಸೋದರತ್ತೆಗೂ ನಡುವೆ ಸಿಕ್ಕಿಕೊಂಡು ಕೂತಿದ್ದಳು. ನನ್ನನ್ನು ಕಂಡವಳೇ ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

"ಅಕ್ಕಾರ, ನನ್ನ ಗೊಂಬಿ ಯಾರ ಕೈಗೂ ಕೊಡಬ್ಯಾಡ್ರಿ. ಸೋಮವಾರ ಬರ್ತೇನ್ರಿ ಸಾಲಿಗೆ. ಹೌದಲ್ಲ ಯವ್ವಾ?"

ತಾಯಿ "ಹೂಂ" ಎಂದರು. ನಾನೂ ಹೂಂ ಎಂದೆ. ಬೇರೆ ಏನು ಹೇಳಬೇಕಿತ್ತೋ ಇಂದಿಗೂ ತಿಳಿದಿಲ್ಲ.

ಸೋಮವಾರ ಬಂತು. ಅವಳ ಜಾಗದಲ್ಲಿ ಬೇರೆ ಹುಡುಗಿ ಸರಿದು ಕೂತಳು.

ಬಹುಮಾನದ ದಿನದ ಆಟವನ್ನು ಬಿಡಿಸಲು ಹೆಡ್‌ಬಾಯಿಯವರು ಮತ್ತೆ ಪ್ರಯತ್ನಿಸಿದರು. ನಾನು ಕೇಳಲಿಲ್ಲ, ಹಟ ಒಂದೇ ಉಳಿದಿತ್ತು. ಹಳೆಯ ಮದುಮಗಳನ್ನು ಪೆಟ್ಟಿಗೆಯಲ್ಲಿಟ್ಟು ಬೇರೆ ಗೊಂಬೆ ಮಾಡಿಸಿದೆ. ದನಿ ಕೊಡಲು ಆ ತುಂಟ ಹುಡುಗಿಯನ್ನೇ ಆರಿಸಿ, ಹತ್ತು ಸಲ ಪದ ಹಾಡಿಸಿ ನೋಡಿದೆ. ಬರೋಬರಿ ಹಾಡುತ್ತಿದ್ದಳು. ಆದರೆ ಸಾಹೇಬರು ಬಂದು ಕೂತ ದಿನ ಮದುಮಗನ ಮೀಸೆ ಮಸಿಯಷ್ಟು ಕಪ್ಪಗಿತ್ತು. ಅತ್ತೆ ಸೊಸೆಗೆ ಹಾಲು ಕೊಟ್ಟಳು. ಪದದ ಮೂರನೆಯ ಸಾಲಿಗೆ ಬಂದಾಗ "ತವರಿಗೆ ಹೆಸರು ತರತೇನ" ಎಂದು ಹುಡುಗಿ ಗಟ್ಟಿಯಾಗಿ ಹಾಡಿದಳು. ಧೋತರದ ಹಿಂದೆ ನಾನು ಬೆಪ್ಪಾಗಿ ಕೂತಿದ್ದೆ.

"ಯಾರು ಕಲಿಸಿದ್ರು ಇದನ್ನ?" ಎಂದು ಆಮೇಲೆ ಕೇಳಿದೆ.

"ಅವ್ವ ಕಲಿಸಿದ್ಲ್ರಿ. ಎಲ್ಲಾರ ಅವ್ವಂದಿರೂ ಕೂಡಿ ಕಲಿಸ್ಯಾರ. ಕಲ್ಲಿನ ಸಾಲು ಹಾಡಿದ್ರ ನನಗೂ ಜಲ್ದಿ ಲಗ್ನ ಮಾಡ್ತಾರಂತ."

ಆ ಮಗು ತನ್ನನ್ನು ತಾನು ಕಾಯ್ದುಕೊಂಡಿತ್ತು. ಸಾಹೇಬರು ಗೊಂಬೆಗಳ ಕುಪ್ಪಸದ ಹೊಲಿಗೆಯನ್ನು ಕೈಯಲ್ಲಿ ಹಿಡಿದು ಮೆಚ್ಚಿದರು. ಕೋಲಾಟ ಯಾಕೆ ಬಿಟ್ಟಿರಿ ಎಂದು ಕೇಳಿದರು.

ದಸರೆ ಬಂತು. ಬನ್ನಿಯ ಸಂಜೆ ಶಾಲೆಯ ಹುಡುಗಿಯರು ಗುಂಪು ಗುಂಪಾಗಿ ಬಂದು ನನ್ನ ಕೈಗೆ ಬನ್ನಿ ಎಲೆ ಕೊಟ್ಟು, ಕಾಲು ಮುಟ್ಟಿ ಹೋದರು. ದೀಪ ಹಚ್ಚುವ ಹೊತ್ತಿಗೆ ಬಾಗಿಲಲ್ಲಿ ಒಬ್ಬಳು ಬಂದು ನಿಂತಳು. ಮಡಿಕೆ ಮುರಿಯದ ದೊಡ್ಡ ಸೀರೆ, ಮೂಗಿಗೆ ಭಾರವಾದ ಮೂಗುಬೊಟ್ಟು, ಕಾಲುಂಗುರ. ಹಬ್ಬಕ್ಕೆ ತವರಿಗೆ ಬಂದಿದ್ದ ಪದ ಕಟ್ಟುವ ಹುಡುಗಿಯನ್ನು ಸೀರೆಯ ನಡುವೆ ಹುಡುಕಿ ಗುರುತಿಸಬೇಕಾಯಿತು.

"ಬಾ ಒಳಗ," ಎಂದೆ.

ಅವಳು ಒಳಗೆ ಬರಲಿಲ್ಲ. ಬಗ್ಗಿ ಹೊಸ್ತಿಲ ಮೇಲೆ ಬನ್ನಿ ಎಲೆ ಇಟ್ಟಳು. "ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ ಅಕ್ಕಾರ." ಆಮೇಲೆ ಸಣ್ಣ ದನಿಯಲ್ಲಿ, "ಕೈಗೆ ಕೊಡಬ್ಯಾಡ ಅಂದಾಳ್ರಿ ಅವ್ವ," ಎಂದಳು.

ಇರಲಿ ಎಂದೆ. ನಾನು ಬಗ್ಗಿ ಎತ್ತಿಕೊಂಡೆ.

"ನನ್ನ ಗೊಂಬಿ ಐತೇನ್ರಿ?"

ಪೆಟ್ಟಿಗೆಯಿಂದ ತಂದೆ. ಕೈಗೆ ಕೊಡುವಂತಿಲ್ಲವಲ್ಲ, ಹೊಸ್ತಿಲ ಮೇಲೇ ಇಟ್ಟೆ. ಅವಳು ಎತ್ತಿ, ಸೆರಗಿನಿಂದ ಮುಖದ ಧೂಳು ಒರೆಸಿದಳು. ಆಮೇಲೆ ಅದರ ಕೊರಳಿನ ದಾರಕ್ಕೆ ಉಗುರು ಹಾಕಿದಳು. ನಾನು ಹಾಕಿದ ಗಂಟು, ಜಗ್ಗಿದಷ್ಟೂ ಬಿಗಿಯುವಂಥದು. ಉಗುರಿಗೆ ಬಗ್ಗಲಿಲ್ಲ. ಹಲ್ಲಿನಿಂದ ಕಚ್ಚಿದಳು. ಅದಕ್ಕೂ ಬಗ್ಗಲಿಲ್ಲ. ಒಮ್ಮೆ ಬೀದಿಯ ಆಚೆ ಈಚೆ ನೋಡಿದಳು. ನೋಡಿ, ಹೊಸ್ತಿಲು ದಾಟಿ ಒಳಗೆ ಬಂದು ಗೊಂಬೆಯನ್ನು ನನ್ನ ಕೈಯಲ್ಲೇ ಇಟ್ಟಳು.

"ನೀವ ಕಟ್ಟೀರಿ ಅಕ್ಕಾರ, ನೀವ ಬಿಚ್ರಿ."

ದೀಪದ ಹತ್ತಿರ ಹಿಡಿದು, ಸೂಜಿಯ ಮೊನೆಯಿಂದ ಮೀಟಿ ಮೀಟಿ ಬಿಚ್ಚಿದೆ. ಹೊತ್ತು ಹಿಡಿಯಿತು. ಅವಳು ನನ್ನ ಮೊಣಕಾಲಿಗೆ ಒತ್ತಿ ಕೂತು, ಮೊದಲು ಹೊಲಿಗೆ ಕಲಿಯುವಾಗ ನೋಡುತ್ತಿದ್ದಂತೆಯೇ ಬೆರಳುಗಳನ್ನು ನೋಡುತ್ತಿದ್ದಳು. ದಾರ ಕಳಚಿ ಬಂದಾಗ ಅವಳು ಅದನ್ನು ದೀಪಕ್ಕೆ ಹಿಡಿದು ಸುಟ್ಟಳು. ಗೊಂಬೆಯ ಬರಿ ಕೊರಳನ್ನು ಒಮ್ಮೆ ಸವರಿದಳು.

"ಇಕಿ ಇಲ್ಲೇ ಇರ್ಲ್ರಿ, ಸಾಲ್ಯಾಗ," ಎಂದಳು. ಎದ್ದು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಹೊರಗೆ ಕಾಯುತ್ತಿದ್ದ ಕತ್ತಲೆಗೆ ಇಳಿದಳು.